ವಿದ್ಯಾರ್ಥಿನಿಗೆ ತಾನು ಒಪ್ಪದ ದೇಶ ಸಿಕ್ಕಿದೆ. ಬದಲಾಯಿಸಿ ಕೊಡಲಾ, ಬೇಡವಾ?

ಸಮಾಜ ಟೀಚರ್

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮ ಶಾಲೆಯಲ್ಲಿ ಇನ್ನು ಮೂರು ವಾರಕ್ಕೆ ಎರಡು ದಿನದ ಅಣಕು ಸಮ್ಮೇಳನ ಇದೆ. ಎಂಯುಎನ್ (ವಿಶ್ವಸಂಸ್ಥೆಯ ಮಾದರಿಯ ಸಭೆ) ಅಂತ ಕರೆಯುತ್ತಾರಲ್ಲ, ಆ ಥರದ್ದು. 9 ಮತ್ತು 10ನೇ ತರಗತಿಯ 26 ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ದೇಶ. ವಿಷಯ ಹವಾಮಾನ ಬದಲಾವಣೆ. ಕಲ್ಲಿದ್ದಲು, ತೈಲ, ಅನಿಲದ ಬಳಕೆಯನ್ನು ಯಾರು ಮೊದಲು ಇಳಿಸಬೇಕು, ಎಷ್ಟು ಬೇಗ ಇಳಿಸಬೇಕು ಅಂತ ಚರ್ಚೆ ಮಾಡಿ, ಕೊನೆಗೆ ಎಲ್ಲರೂ ಸೇರಿ ಒಂದು ನಿರ್ಣಯ ಬರೆಯಬೇಕು. ದೇಶಗಳನ್ನು ಚೀಟಿ ಎತ್ತಿಸಿ ಹಂಚಿದೆ.

ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಈ ವಿಷಯದಲ್ಲಿ ಅವಳಷ್ಟು ಓದಿಕೊಂಡವರು ಶಾಲೆಯಲ್ಲೇ ಬೇರೆ ಯಾರೂ ಇಲ್ಲ. ಅವಳಿಗೆ ಬಂದ ಚೀಟಿ ಸೌದಿ ಅರೇಬಿಯಾ. ಬಿಡಿಸಿ ನೋಡಿದಳು. ಮತ್ತೆ ಮಡಚಿದಳು. ಇನ್ನೂ ಚಿಕ್ಕದಾಗಿ ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಆಗಲೇ ನನಗೆ ಗೊತ್ತಾಯಿತು.

ಮರುದಿನ ಸ್ಟಾಫ್ ರೂಮಿಗೆ ಬಂದಳು. "ಮಿಸ್, ನನಗೆ ಮಾಲ್ಡೀವ್ಸ್ ಕೊಡಿ. ಇಲ್ಲದಿದ್ದರೆ ನಾನು ಸೇರುವುದಿಲ್ಲ. ನಂಬದೇ ಇರುವುದನ್ನು ಎದ್ದು ನಿಂತು ಹೇಳಿದರೆ ಅದು ಸುಳ್ಳು ಹೇಳಿದ ಹಾಗೆ ಅಲ್ವಾ?"

ಉತ್ತರ ನನ್ನ ಹತ್ತಿರ ತಕ್ಷಣಕ್ಕೆ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ?

ಹಳೆಯ ಡೆಲಿಗೇಟ್

ಬದಲಾಯಿಸಬೇಡಿ ಟೀಚರ್. ನನ್ನದೇ ಅನುಭವ ಹೇಳುತ್ತೇನೆ.

ಕಾಲೇಜಿನ ಮೊದಲ ವರ್ಷ. ನಮ್ಮ ಸಮಿತಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ, ಕಾಲ 1962ರ ಅಕ್ಟೋಬರ್, ವಿಷಯ ಕ್ಯೂಬಾದ ಕ್ಷಿಪಣಿಗಳು. ನನಗೆ ಸೋವಿಯತ್ ಒಕ್ಕೂಟ ಸಿಕ್ಕಿತು. ನಾನು ಅಲ್ಲಿಯವರೆಗೆ ಓದಿದ್ದರಲ್ಲಿ ಅವರದೇ ತಪ್ಪು. ಅಮೆರಿಕದ ಪಕ್ಕದ ಕ್ಯೂಬಾದಲ್ಲಿ ಕದ್ದುಮುಚ್ಚಿ ಕ್ಷಿಪಣಿ ಇಟ್ಟವರು, ಕೇಳಿದಾಗ ಮಾತು ತಪ್ಪಿಸಿದವರು. ಅಕ್ಟೋಬರ್ 25ರಂದು ಅಮೆರಿಕದ ಅಡ್ಲಾಯ್ ಸ್ಟೀವನ್‌ಸನ್ ಮಂಡಳಿಯ ಮುಂದೆ ಫೋಟೋಗಳನ್ನು ಇಟ್ಟು ಸೋವಿಯತ್ ಪ್ರತಿನಿಧಿ ಜೋರಿನ್ ಅವರನ್ನು ನೇರವಾಗಿ ಕೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಕುರ್ಚಿಯಲ್ಲಿ ನಾನು ಕೂರಬೇಕಿತ್ತು.

ಸರಿ, ಓದಲು ಕೂತೆ. ಎರಡನೇ ದಿನಕ್ಕೆ ಟರ್ಕಿಯಲ್ಲಿದ್ದ ಜುಪಿಟರ್ ಕ್ಷಿಪಣಿಗಳ ವಿಷಯ ಸಿಕ್ಕಿತು. ಅವು ಅಮೆರಿಕದವು, ಸೋವಿಯತ್ ಗಡಿಗೆ ತೀರಾ ಹತ್ತಿರ. ನಾನು ಅಟ್ಲಾಸ್ ತೆಗೆದು ಟರ್ಕಿಯ ಮೇಲೆ ಒಂದು ಬೆರಳು, ಕ್ಯೂಬಾದ ಮೇಲೆ ಇನ್ನೊಂದು ಬೆರಳು ಇಟ್ಟು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಆ ಹೊತ್ತಿಗೂ ಅವರು ಮಾಡಿದ್ದು ಸರಿ ಅಂತ ನನಗೆ ಅನ್ನಿಸಲಿಲ್ಲ. ಆದರೆ ಮಾಸ್ಕೋದಲ್ಲಿ ಕೂತು ನೋಡಿದರೆ ಭೂಪಟ ಹೇಗೆ ಕಾಣುತ್ತದೆ ಅಂತ ಕಂಡಿತು. ಕೊನೆಗೆ ಬಿಕ್ಕಟ್ಟು ಬಗೆಹರಿದದ್ದೂ ಹಾಗೇ ಅಲ್ವಾ? ಕ್ಯೂಬಾದ ಮೇಲೆ ದಾಳಿ ಮಾಡುವುದಿಲ್ಲ ಅಂತ ಅಮೆರಿಕದವರು ಬಹಿರಂಗವಾಗಿ ಮಾತು ಕೊಟ್ಟರು. ಟರ್ಕಿಯ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಒಳಗೊಳಗೇ ಒಪ್ಪಿ, 1963ರಲ್ಲಿ ತೆಗೆದರು. ಎದುರಿನವರ ಭಯ ಏನು ಅಂತ ಯಾರೋ ಕೂತು ಯೋಚಿಸಿದ್ದಕ್ಕೇ ಅದು ಸಾಧ್ಯವಾದದ್ದು.

ನನಗೆ ಅಮೆರಿಕ ಸಿಕ್ಕಿದ್ದರೆ ನಾನು ಅಟ್ಲಾಸ್ ತೆಗೆಯುತ್ತಲೇ ಇರಲಿಲ್ಲ.

ಇಬ್ಬರು ಮಕ್ಕಳ ಅಪ್ಪ

ಎಲ್ಲರೂ ಬದಲಾಯಿಸಬೇಡಿ ಅನ್ನುವ ಮೊದಲು ಇನ್ನೊಂದು ಮಾತು ಕೇಳಿ. ಆ ಹುಡುಗಿಯ ಪ್ರಶ್ನೆ ಸಣ್ಣದಲ್ಲ.

ನನ್ನ ದೊಡ್ಡ ಮಗ ಇಂಥ ನಾಲ್ಕು ಸಮ್ಮೇಳನಗಳಿಗೆ ಹೋಗಿದ್ದಾನೆ. ಕೊನೆಯದರಲ್ಲಿ 'ಅತ್ಯುತ್ತಮ ಪ್ರತಿನಿಧಿ' ಪ್ರಶಸ್ತಿ ತಂದ. ಕೋಟು, ಟೈ ಹಾಕಿ ನಿಂತ ಫೋಟೋ ನೋಡಿ ನಮಗೆಲ್ಲ ಖುಷಿಯೋ ಖುಷಿ. ರಾತ್ರಿ ಊಟದ ಹೊತ್ತಿಗೆ ಸುಮ್ನೆ ಕೇಳಿದೆ, "ನೀನು ಯಾವ ದೇಶದ ಪರ ಮಾತಾಡಿದೆಯೋ ಆ ದೇಶದ ಜನ ಈ ಬಗ್ಗೆ ಏನು ಹೇಳುತ್ತಾರೆ?" ಅವನಿಗೆ ಗೊತ್ತಿರಲಿಲ್ಲ. ಆದರೆ ಎದುರಾಳಿಯ ಕರಡು ನಿರ್ಣಯಕ್ಕೆ ಸಹಿ ಹಾಕಿದ್ದ ಮೂವರನ್ನು ಬಿಡುವಿನ ವೇಳೆಯಲ್ಲಿ ಹೇಗೆ ತನ್ನ ಕಡೆ ಎಳೆದುಕೊಂಡ, ಅಧ್ಯಕ್ಷರ ಗಮನ ಸೆಳೆಯಲು ಎಷ್ಟು ಸಲ ನಾಮಫಲಕ ಎತ್ತಿದ, ಅದನ್ನೆಲ್ಲ ಅರ್ಧ ಗಂಟೆ ವಿವರಿಸಿದ.

ನನಗೆ ಆವತ್ತು ಬೇಜಾರಾಯಿತು. ಹುಡುಗ ಕೆಟ್ಟವನಲ್ಲ, ನನ್ನ ಮಗ ಅಂತ ಹೇಳುತ್ತಿಲ್ಲ, ನಿಜಕ್ಕೂ ಒಳ್ಳೆಯವನು. ಆದರೆ ಯಾವ ಮಾತನ್ನಾದರೂ ನೆಟ್ಟಗೆ ನಿಂತು ಹೇಳಬಲ್ಲೆ ಅನ್ನುವ ಧೈರ್ಯ ಮಾತ್ರ ಕಲಿತು, ಆ ಮಾತಿನ ಭಾರ ಕಲಿಯದಿದ್ದರೆ? ಟೀಚರ್ ಅವರ ವಿದ್ಯಾರ್ಥಿನಿಗೆ ಆ ಭಾರ ಈಗಲೇ ಗೊತ್ತಿದೆ. ಅದನ್ನು ನಾವೇ ಕೈಯಾರೆ ಇಳಿಸಿಬಿಡಬಾರದು.

ಕಾನೂನು ವಿದ್ಯಾರ್ಥಿನಿ

ಅಪ್ಪ ಅವರ ಮಾತು ನನಗೆ ಮನಸ್ಸಿಗೆ ನಾಟಿತು. ಆದರೂ ದೇಶ ಬದಲಾಯಿಸಬಾರದು ಅಂತಲೇ ನನ್ನ ಅಭಿಪ್ರಾಯ. ಬದಲಾಗಬೇಕಾದದ್ದು ತಯಾರಿ.

ಮಕ್ಕಳಿಗೆ ಸಾಮಾನ್ಯವಾಗಿ "ನಿಮ್ಮ ದೇಶದ ನಿಲುವು ಏನು ಅಂತ ಬರೆದುಕೊಂಡು ಬನ್ನಿ" ಅನ್ನುತ್ತೇವೆ. ಅವರು ಅಂತರ್ಜಾಲದಲ್ಲಿ ಹುಡುಕಿ ಎರಡು ಪ್ಯಾರಾ ಬರೆದು ತರುತ್ತಾರೆ. ಅದರ ಬದಲು "ನಿಮ್ಮ ದೇಶಕ್ಕೆ ಯಾವುದರ ಭಯ? ಯಾವುದು ಹೋದರೆ ಅದಕ್ಕೆ ಉಳಿಗಾಲವಿಲ್ಲ?" ಅಂತ ಕೇಳಿ ನೋಡಿ. ಹುಡುಕುವ ದಾರಿಯೇ ಬೇರೆಯಾಗುತ್ತದೆ.

ಸೌದಿ ಅರೇಬಿಯಾ ಬಂದವಳಿಗೆ ಮೂರು ವಿಷಯ ಹೇಳಿ. ಮೊದಲನೆಯದು, 1992ರ ಹವಾಮಾನ ಒಪ್ಪಂದವನ್ನೇ ಓದಲಿ, ಸುದ್ದಿಯನ್ನಲ್ಲ. ಅದರ 4ನೇ ವಿಧಿಯ 8ನೇ ಪ್ಯಾರಾದಲ್ಲಿ ವಿಶೇಷ ಗಮನ ಬೇಕಾದ ದೇಶಗಳ ಪಟ್ಟಿ ಇದೆ. ಸಣ್ಣ ದ್ವೀಪ ದೇಶಗಳು ಆ ಪಟ್ಟಿಯ ಮೊದಲಲ್ಲೇ ಇವೆ. ಅದೇ ಪಟ್ಟಿಯಲ್ಲಿ ಕೆಳಗೆ ಹೋದರೆ, ತೈಲ-ಕಲ್ಲಿದ್ದಲಿನ ಆದಾಯವನ್ನೇ ಜಾಸ್ತಿ ನಂಬಿಕೊಂಡ ದೇಶಗಳೂ ಇವೆ. ಎರಡೂ ಒಂದೇ ಪ್ಯಾರಾದಲ್ಲಿ! ಎರಡನೆಯದು, ಈ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ದೇಶಗಳ ದೊಡ್ಡ ಗುಂಪು ಜಿ-77. 1964ರಲ್ಲಿ 77 ದೇಶಗಳಿಂದ ಶುರುವಾಗಿ ಈಗ 130 ದಾಟಿದೆ. ಸೌದಿ ಅರೇಬಿಯಾ ಅದರಲ್ಲಿದೆ. ಅವಳು ಕೇಳುತ್ತಿರುವ ಮಾಲ್ಡೀವ್ಸ್ ಕೂಡ ಅದರಲ್ಲೇ ಇದೆ. ಮೂರನೆಯದು, 2060ಕ್ಕೆ ನಿವ್ವಳ ಹೊರಸೂಸುವಿಕೆ (ಗಾಳಿಗೆ ಬಿಡುವ ಇಂಗಾಲದಲ್ಲಿ ವಾಪಸ್ ಹೀರಿಕೊಂಡದ್ದನ್ನು ಕಳೆದು ಉಳಿದದ್ದು) ಸೊನ್ನೆಗೆ ತರುತ್ತೇವೆ ಅಂತ ಸೌದಿ ಅರೇಬಿಯಾ 2021ರಲ್ಲಿ ಘೋಷಿಸಿದೆ. ಅಂದರೆ ಅವಳ ದೇಶ "ಏನೂ ಮಾಡುವುದಿಲ್ಲ" ಅನ್ನುತ್ತಿಲ್ಲ. "ಹೊಗೆಯ ಬಗ್ಗೆ ಮಾತಾಡೋಣ, ಇಂಧನದ ಹೆಸರು ಹಿಡಿದು ಮಾತಾಡುವುದು ಬೇಡ" ಅನ್ನುತ್ತಿದೆ. ಈ ವಾದವನ್ನು ಒಪ್ಪದಿರಲಿ. ಒಪ್ಪದಿರುವುದಕ್ಕಾದರೂ ಮೊದಲು ಅದು ಪೂರ್ತಿ ಅರ್ಥವಾಗಬೇಕಲ್ಲ.

ಸುಳ್ಳು ಹೇಳಿದ ಹಾಗೆ ಅಲ್ವಾ ಅಂದಳಲ್ಲ, ಅದಕ್ಕೆ ನನ್ನ ಉತ್ತರ: ಸಭೆಯಲ್ಲಿ ಅವಳು "ನಾನು" ಅನ್ನುವುದಿಲ್ಲ. "ನಮ್ಮ ನಿಯೋಗ" ಅನ್ನುತ್ತಾಳೆ. ಕೂತಿರುವ ಎಲ್ಲರಿಗೂ ಅದು ಗೊತ್ತು. ಎಲ್ಲರಿಗೂ ಗೊತ್ತಿರುವಾಗ ಅಲ್ಲಿ ಮೋಸ ಹೋಗುವವರು ಯಾರೂ ಇಲ್ಲ. ಆದರೆ ಸಮ್ಮೇಳನ ಮುಗಿದ ಮೇಲೆ ಪ್ರತಿಯೊಬ್ಬರಿಂದಲೂ "ನಾನು" ಅಂತ ಶುರುವಾಗುವ ಒಂದು ಪುಟ ಬರೆಸಿ. ತಮ್ಮ ಸ್ವಂತ ಅಭಿಪ್ರಾಯ. ಬಹಳ ಕಡೆ ಇದನ್ನು ಮಾಡುವುದೇ ಇಲ್ಲ. ಅಪ್ಪ ಅವರು ಹೇಳಿದ ಭಾರ ಕಳೆದುಹೋಗುವುದು ಅಲ್ಲೇ ಅಂತ ನನಗನ್ನಿಸುತ್ತದೆ.

ಸಮಾಜ ಟೀಚರ್

ಒಂದೇ ಪ್ಯಾರಾದಲ್ಲಿ ದ್ವೀಪಗಳೂ ತೈಲ ದೇಶಗಳೂ ಇವೆ ಅನ್ನುವುದು ನನಗೇ ಗೊತ್ತಿರಲಿಲ್ಲ. ತುಂಬ ಥ್ಯಾಂಕ್ಸ್ ಮೇಡಂ. ಇವತ್ತು ಅವಳಿಗೆ ಆ ಪುಟ ಪ್ರಿಂಟ್ ಮಾಡಿ ಕೊಟ್ಟೆ. ಏನೂ ಹೇಳಲಿಲ್ಲ, ಬ್ಯಾಗಿಗೆ ಹಾಕಿಕೊಂಡು ಹೋದಳು. ಚೀಟಿ ಮಾತ್ರ ವಾಪಸ್ ಕೊಡಲಿಲ್ಲ.

ಅಧ್ಯಕ್ಷರ ಕುರ್ಚಿ

ಹತ್ತಾರು ಸಮಿತಿಗಳಿಗೆ ಅಧ್ಯಕ್ಷತೆ ವಹಿಸಿದವನು ನಾನು. ಅಪ್ಪ ಸರ್ ಹೇಳಿದ ಬೇನೆ ಕಣ್ಣಾರೆ ಕಂಡಿದ್ದೇನೆ. ಅದು ಮಕ್ಕಳಿಂದ ಬಂದದ್ದಲ್ಲ ಸರ್. ನಾವು ಕೊಡುವ ನಿಯಮಗಳಿಂದ ಬಂದದ್ದು.

ಸಾಮಾನ್ಯ ಎಂಯುಎನ್‌ನಲ್ಲಿ ಏನಾಗುತ್ತದೆ ನೋಡಿ. ಭಾಷಣಕಾರರ ಪಟ್ಟಿ, ಒಂದು ನಿಮಿಷದ ಮಾತು, ಆಮೇಲೆ ಗುಂಪುಗಾರಿಕೆ, ಎರಡೋ ಮೂರೋ ಕರಡು ನಿರ್ಣಯ, ಕೊನೆಗೆ ಮತ. ಹೆಚ್ಚು ಮತ ಬಿದ್ದವರು ಗೆದ್ದರು. ಇದು ಪಾರ್ಲಿಮೆಂಟಿನ ಆಟ. ನಿಜವಾದ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಹೆಚ್ಚಿನ ನಿರ್ಣಯಗಳು ಮತಕ್ಕೆ ಹೋಗುವುದೇ ಇಲ್ಲ, ಒಮ್ಮತದಿಂದ ಪಾಸಾಗುತ್ತವೆ. ಹವಾಮಾನ ಸಮ್ಮೇಳನದಲ್ಲಂತೂ ಮತ ಹಾಕುವ ದಾರಿಯೇ ಇಲ್ಲ. ಮೊದಲ ಸಮ್ಮೇಳನ ನಡೆದದ್ದು 1995ರಲ್ಲಿ, ಬರ್ಲಿನ್‌ನಲ್ಲಿ. ಮತದಾನ ಹೇಗೆ ಅನ್ನುವ ನಿಯಮದ ಮೇಲೆ ಆಗ ಒಪ್ಪಿಗೆ ಆಗಲಿಲ್ಲ, ಇವತ್ತಿನವರೆಗೂ ಆಗಿಲ್ಲ. ಹಾಗಾಗಿ ಎಲ್ಲವೂ ಒಮ್ಮತದ ಮೇಲೇ ನಡೆದುಕೊಂಡು ಬಂದಿದೆ.

ಮತ ಇಲ್ಲ ಅಂದ ತಕ್ಷಣ ಕೋಣೆಯ ಗಾಳಿಯೇ ಬದಲಾಗುತ್ತದೆ. ಮತ ಇದ್ದರೆ ನನ್ನ ಕಡೆ 14 ಜನ ಸಾಕು, ಉಳಿದ 12 ಜನರ ಮುಖವೂ ನೋಡಬೇಕಾಗಿಲ್ಲ. ಒಮ್ಮತ ಅಂದರೆ, ಮೂಲೆಯಲ್ಲಿ ಕೈಕಟ್ಟಿ ಕೂತವನ ಹತ್ತಿರವೂ ಹೋಗಿ "ನಿಮಗೆ ಇದರಲ್ಲಿ ಏನು ತೊಂದರೆ?" ಅಂತ ಕೇಳಲೇಬೇಕು.

ಹಾಗಂತ ಒಬ್ಬರೇ ಹಟ ಹಿಡಿದು ಎಲ್ಲವನ್ನೂ ನಿಲ್ಲಿಸಬಹುದು ಅಂತಲೂ ಅಲ್ಲ. 2010ರಲ್ಲಿ ಕಾನ್‌ಕುನ್ ಸಮ್ಮೇಳನದಲ್ಲಿ ಬೊಲಿವಿಯಾ ಕೊನೆಯವರೆಗೂ ವಿರೋಧಿಸಿತು. ಅಧ್ಯಕ್ಷತೆ ವಹಿಸಿದ್ದ ಮೆಕ್ಸಿಕೋದ ಪೆಟ್ರೀಸಿಯಾ ಎಸ್ಪಿನೋಸಾ, ಒಮ್ಮತ ಅಂದರೆ ಒಂದು ದೇಶಕ್ಕೆ ವೀಟೋ ಕೊಟ್ಟ ಹಾಗಲ್ಲ ಎಂದು ಹೇಳಿ ಸುತ್ತಿಗೆ ಬಡಿದು ನಿರ್ಣಯ ಪಾಸ್ ಮಾಡೇಬಿಟ್ಟರು. ಅದು ಸರಿಯೋ ತಪ್ಪೋ, ಮಕ್ಕಳ ಜೊತೆ ಒಂದು ಗಂಟೆ ಚರ್ಚೆ ಮಾಡಬಹುದು.

ಟೀಚರ್, ನಿಮಗೆ ನನ್ನ ಸಲಹೆ ಇಷ್ಟು. ಮತದಾನ ತೆಗೆದುಹಾಕಿ. 26 ಜನಕ್ಕೂ ಸೇರಿ ಒಂದೇ ಕರಡು. ಅದನ್ನು ಬೋರ್ಡಿನ ಮೇಲೆ ಬರೆಯಿರಿ. ಯಾರಾದರೂ ಒಂದು ಪದ ಒಪ್ಪದಿದ್ದರೆ ಅಳಿಸಬೇಡಿ, ಅದಕ್ಕೆ ಚೌಕ ಆವರಣ ಹಾಕಿ. ನಿಜವಾದ ಸಂಧಾನದಲ್ಲೂ ಹಾಗೇ ಮಾಡುವುದು. ಒಪ್ಪಿಗೆಯಾದ ಮೇಲೆ ಆವರಣ ಅಳಿಸುವುದು. ಎಷ್ಟು ಆವರಣ ಉಳಿದಿದೆ ಅಂತ ನೋಡಿದರೆ ಸಾಕು, ಕೆಲಸ ಎಲ್ಲಿಗೆ ಬಂತು ಅಂತ ಕಾಣುತ್ತದೆ. ಇನ್ನೊಂದು, ಪ್ರಶಸ್ತಿ ಬೇಡ. ಕೊಡಲೇಬೇಕು ಅಂತಿದ್ದರೆ ಇಡೀ ಕೋಣೆಗೆ ಒಂದೇ ಕೊಡಿ.

ಹತ್ತನೇ ಕ್ಲಾಸ್

ನಮಸ್ತೆ ಸರ್, ಮೇಡಂ. ನಾನು ಬೇರೆ ಶಾಲೆ. ನಮ್ಮಲ್ಲೂ ಇದು ಇದೆ. ನನಗೆ ವನುವಾಟು ಸಿಕ್ಕಿದೆ. ಪೆಸಿಫಿಕ್ ಸಾಗರದ ದ್ವೀಪ ದೇಶವಂತೆ, ಹೆಸರೇ ಕೇಳಿರಲಿಲ್ಲ. ಎಲ್ಲರೂ ಅಮೆರಿಕ, ಚೀನಾ, ರಷ್ಯಾ ಸಿಕ್ಕವರನ್ನೇ ಸುತ್ತಿಕೊಳ್ಳುತ್ತಾರೆ. ನನಗೆ ಎದ್ದು ನಿಂತರೆ ಗಂಟಲು ಒಣಗುತ್ತದೆ. ಇಷ್ಟು ಚಿಕ್ಕ ದೇಶ ಇಟ್ಟುಕೊಂಡು ನಾನು ಏನು ಮಾಡಲಿ?

ಕಾನೂನು ವಿದ್ಯಾರ್ಥಿನಿ

ತಮ್ಮಾ (ಅಥವಾ ತಂಗೀ!), ಇಲ್ಲಿ ಈಗ ಅತ್ಯಂತ ಅದೃಷ್ಟದ ಚೀಟಿ ನಿನ್ನದೇ. ನಿಜವಾಗಿ ಹೇಳುತ್ತಿದ್ದೇನೆ.

2019ರಲ್ಲಿ ವನುವಾಟುವಿನಲ್ಲಿ ಓದುತ್ತಿದ್ದ 27 ಕಾನೂನು ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಒಂದು ಯೋಚನೆ ಮಾಡಿದರು. ಅವರೆಲ್ಲ ಪೆಸಿಫಿಕ್ ದ್ವೀಪಗಳ ಮಕ್ಕಳು. ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನು ಬಾಧ್ಯತೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿದರೆ ಹೇಗೆ? ಆದರೆ ವಿದ್ಯಾರ್ಥಿಗಳು ಆ ನ್ಯಾಯಾಲಯವನ್ನು ಕೇಳುವ ಹಾಗಿಲ್ಲ. ಮಹಾಸಭೆ ಕೇಳಬಹುದು. ಮಹಾಸಭೆಯಲ್ಲಿ ವಿಷಯ ಎತ್ತಲು ಒಂದು ದೇಶ ಬೇಕು. ಅವರು ಪೆಸಿಫಿಕ್ ಸರ್ಕಾರಗಳಿಗೆ ಪತ್ರ ಬರೆದರು. ವನುವಾಟು ಸರ್ಕಾರ ಕೈಗೆತ್ತಿಕೊಂಡಿತು. ಒಂದೊಂದೇ ದೇಶದ ಬಾಗಿಲು ತಟ್ಟಿ, ಪದ ತಿದ್ದಿ, ಮತ್ತೆ ತಿದ್ದಿ, 2023ರ ಮಾರ್ಚ್ 29ರಂದು ಆ ನಿರ್ಣಯ ಮಹಾಸಭೆಯಲ್ಲಿ ಒಮ್ಮತದಿಂದ ಪಾಸಾಯಿತು. 130ಕ್ಕೂ ಹೆಚ್ಚು ದೇಶಗಳು ಸಹ ಪ್ರಾಯೋಜಕರಾಗಿ ಹೆಸರು ಕೊಟ್ಟಿದ್ದವು. 2025ರ ಜುಲೈ 23ರಂದು ಹೇಗ್‌ನಲ್ಲಿರುವ ಆ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು.

ಕ್ಲಾಸಿನಲ್ಲಿ ಹುಟ್ಟಿದ್ದು ಅದು! ಚಿಕ್ಕ ದೇಶಕ್ಕೆ ಸೈನ್ಯ ಇಲ್ಲ, ಹಣ ಇಲ್ಲ. ಇರುವುದು ಒಂದು ಒಳ್ಳೆಯ ವಾಕ್ಯ ಮತ್ತು ಬಾಗಿಲು ತಟ್ಟುವ ತಾಳ್ಮೆ.

ಗಂಟಲು ಒಣಗಿದರೆ ಒಣಗಲಿ. ಮೊದಲ ಮಾತು ಬರೆದುಕೊಂಡು ಹೋಗಿ ಓದಿಬಿಡು. ಆಮೇಲೆ ಬಿಡುವಿನಲ್ಲಿ ಕರಡು ಬರೆಯುವವರ ಪಕ್ಕ ಹೋಗಿ ಕೂತುಕೋ, ಪೆನ್ನು ಕೇಳಿ ತಗೋ.

ಅಧ್ಯಕ್ಷರ ಕುರ್ಚಿ

ಪಕ್ಕ ಹೋಗಿ ಕೂತುಕೋ ಅಂದದ್ದು ತುಂಬ ಮುಖ್ಯ. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನದ ಕೊನೆಯ ದಿನ ಅಧ್ಯಕ್ಷರು ಸುತ್ತಿಗೆ ಬಡಿದು ನಿರ್ಣಯ ಪಾಸ್ ಮಾಡಿದಾಗ ಸಣ್ಣ ದ್ವೀಪ ದೇಶಗಳ ಪ್ರತಿನಿಧಿಗಳು ಸಭಾಂಗಣದಲ್ಲೇ ಇರಲಿಲ್ಲ. ಆಮೇಲೆ ಆ ದ್ವೀಪಗಳಲ್ಲೊಂದಾದ ಸಮೋವಾದ ಪ್ರತಿನಿಧಿ ಎದ್ದು ಅದನ್ನೇ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆದರೆ ನಿರ್ಣಯ ಆಗಲೇ ಪಾಸಾಗಿತ್ತು. ಹೊರಗೆ ಹೋಗುವಾಗ ನಿಮ್ಮ ಕುರ್ಚಿಯಲ್ಲಿ ಯಾರನ್ನಾದರೂ ಕೂರಿಸಿ ಹೋಗು ತಮ್ಮಾ.

ಅನುವಾದದ ಕೆಲಸ

ಭಾಷಣದ ಬಗ್ಗೆ ಎಲ್ಲರೂ ಹೇಳಿದಿರಿ. ಪದಗಳ ಬಗ್ಗೆ ನಾನೊಂದಿಷ್ಟು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಅದು.

ಮಕ್ಕಳು ಕರಡಿನಲ್ಲಿ ಕ್ರಿಯಾಪದವನ್ನು ಗಮನಿಸುವುದೇ ಇಲ್ಲ. 2015ರ ಡಿಸೆಂಬರ್ 12, ಪ್ಯಾರಿಸ್ ಹವಾಮಾನ ಸಮ್ಮೇಳನ. ಎರಡು ವಾರದ ಮಾತುಕತೆ ಮುಗಿದು ಅಂತಿಮ ಪಠ್ಯ ಕೈಗೆ ಬಂತು. 4ನೇ ವಿಧಿಯಲ್ಲಿ, ಮುಂದುವರಿದ ದೇಶಗಳು ಹೊರಸೂಸುವಿಕೆ ಇಳಿಸುವ ಬಗ್ಗೆ, ಇಂಗ್ಲಿಷಿನಲ್ಲಿ 'ಶುಡ್' ಇರಬೇಕಾದ ಕಡೆ 'ಶಲ್' ಬಿದ್ದಿತ್ತು. ಕನ್ನಡದಲ್ಲಿ ಇದನ್ನು ತುಂಬ ಚೆನ್ನಾಗಿ ತೋರಿಸಬಹುದು. ನಮ್ಮ ಕಾನೂನು ಪುಸ್ತಕಗಳಲ್ಲಿ "ಮಾಡತಕ್ಕದ್ದು" ಅಂತ ಇರುತ್ತದಲ್ಲ, ಅದು ಶಲ್. ತಪ್ಪಿಸಿಕೊಳ್ಳುವ ಹಾಗಿಲ್ಲ. 'ಶುಡ್' ಅಷ್ಟು ಬಿಗಿ ಇಲ್ಲ, "ಮಾಡುವುದು ಒಳ್ಳೆಯದು, ಮಾಡಬೇಕಪ್ಪಾ" ಅನ್ನುವ ಮಟ್ಟ. 'ಶಲ್' ಉಳಿದರೆ ಅಮೆರಿಕ ಸಹಿ ಹಾಕುವುದು ಕಷ್ಟವಾಗುತ್ತಿತ್ತು, ಯಾಕೆಂದರೆ ಅಂಥ ಹೊಸ ಬಾಧ್ಯತೆಗೆ ಅವರ ಸೆನೆಟ್ (ಸಂಸತ್ತಿನ ಮೇಲ್ಮನೆ) ಒಪ್ಪಬೇಕು. ಕೊನೆಗೆ ಅದನ್ನು ತಾಂತ್ರಿಕ ತಿದ್ದುಪಡಿ ಅಂತ ಓದಿ ಹೇಳಿ ಸರಿಪಡಿಸಿದರು. ಆಮೇಲೆ ಸುತ್ತಿಗೆ ಬಿತ್ತು. ಒಂದು ಪದ!

2021ರಲ್ಲಿ ಗ್ಲ್ಯಾಸ್ಗೋದಲ್ಲೂ ಹೀಗೇ. ಕಲ್ಲಿದ್ದಲನ್ನು ಹಂತಹಂತವಾಗಿ "ನಿಲ್ಲಿಸುವುದು" ಅಂತ ಇದ್ದದ್ದು ಕೊನೆಯ ಗಳಿಗೆಯಲ್ಲಿ, ಭಾರತದ ಸೂಚನೆಯಂತೆ, ಹಂತಹಂತವಾಗಿ "ತಗ್ಗಿಸುವುದು" ಅಂತ ಆಯಿತು. ಅಧ್ಯಕ್ಷ ಅಲೋಕ್ ಶರ್ಮಾ ಸಭೆಯ ಕ್ಷಮೆ ಕೇಳುವಾಗ ಅವರ ಗಂಟಲು ಕಟ್ಟಿತು. ಇದನ್ನು ಮಕ್ಕಳಿಗೆ ತೋರಿಸಿ, ಎರಡೂ ಕಡೆಯ ವಾದ ಬರೆಸಿ. ಕಲ್ಲಿದ್ದಲನ್ನೇ ನಂಬಿಕೊಂಡ ದೇಶಕ್ಕೆ ಯಾಕೆ ಆ ಪದ ಬೇಕಾಯಿತು, ಮುಳುಗುತ್ತಿರುವ ದ್ವೀಪಕ್ಕೆ ಯಾಕೆ ಅದು ನೋವಾಯಿತು.

ಹಳೆಯದೊಂದು ಇದೆ, 1967ರ ನವೆಂಬರ್‌ನ ಭದ್ರತಾ ಮಂಡಳಿಯ 242ನೇ ನಿರ್ಣಯ. ಇಸ್ರೇಲಿ ಸೇನೆ ವಶಪಡಿಸಿಕೊಂಡ ಪ್ರದೇಶಗಳಿಂದ ಹಿಂದೆ ಸರಿಯಬೇಕು ಅಂತ ಅದರಲ್ಲಿದೆ. ಇಂಗ್ಲಿಷ್ ಪಠ್ಯದಲ್ಲಿ 'ಪ್ರದೇಶಗಳು' ಅನ್ನುವುದರ ಹಿಂದೆ 'ದ' (the) ಅನ್ನುವ ಪದ ಇಲ್ಲ. ಫ್ರೆಂಚ್ ಪಠ್ಯ ಓದಿದರೆ ಅದು ಇದ್ದ ಹಾಗೆ ಅರ್ಥವಾಗುತ್ತದೆ. ಎಲ್ಲ ಪ್ರದೇಶಗಳೋ, ಕೆಲವೋ? ಆ ವಾದ ಇವತ್ತಿಗೂ ಮುಗಿದಿಲ್ಲ.

ಕೊನೆಯದಾಗಿ ಒಂದು ಕೋರಿಕೆ ಟೀಚರ್. ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಮಾತಾಡಲು ಬಿಡಿ. ಬಹಳ ಕಡೆ ಇಂಗ್ಲಿಷ್ ಚೆನ್ನಾಗಿ ಬರುವವರೇ ರಾಜತಾಂತ್ರಿಕರು ಅನ್ನುವ ಹಾಗೆ ಆಗಿಬಿಟ್ಟಿದೆ. ವಿಶ್ವಸಂಸ್ಥೆಗೆ ಆರು ಅಧಿಕೃತ ಭಾಷೆಗಳಿವೆ. ಅವುಗಳನ್ನು ಬಿಟ್ಟು ಬೇರೆ ಭಾಷೆಯಲ್ಲೂ ಮಹಾಸಭೆಯಲ್ಲಿ ಮಾತಾಡಬಹುದು, ಅನುವಾದದ ವ್ಯವಸ್ಥೆ ಆ ನಿಯೋಗ ಮಾಡಿಕೊಳ್ಳಬೇಕು, ಅಷ್ಟೇ.

ಇಬ್ಬರು ಮಕ್ಕಳ ಅಪ್ಪ

ಎಲ್ಲವನ್ನೂ ಎರಡು ಸಲ ಓದಿದೆ. ಕುರ್ಚಿ ಸರ್ ಹೇಳಿದ್ದು ನಿಜ, ನಿಯಮ ಹೇಗೋ ಮಕ್ಕಳು ಹಾಗೆ. ನನ್ನ ಮಗ ಆಡಿದ ಆಟದಲ್ಲಿ ಗೆಲ್ಲುವುದು ಅಂದರೆ ಅದೇ ಆಗಿತ್ತು, ಅವನು ಗೆದ್ದ. ಅವನನ್ನು ಬೈದದ್ದು ತಪ್ಪಾಯಿತು ಅಂತ ಇವತ್ತು ಅನ್ನಿಸುತ್ತಿದೆ.

ಆದರೆ ಒಂದು ಅನುಮಾನ ಉಳಿದಿದೆ. ಎಲ್ಲ ದೇಶದ ಭಯವನ್ನೂ ಅರ್ಥ ಮಾಡಿಕೊಳ್ಳುತ್ತಾ ಹೋದರೆ ಕೊನೆಗೆ ಎಲ್ಲರೂ ಸರಿ ಅನ್ನಿಸಿಬಿಡುವುದಿಲ್ಲವೇ? ಕೆಲವು ವಿಷಯದಲ್ಲಿ ಒಂದು ಕಡೆಯವರು ತಪ್ಪು ಅಂತ ಹೇಳಲೇಬೇಕಲ್ಲ. 14 ವರ್ಷದ ಮಗುವಿಗೆ ಈ ಗೆರೆ ಎಲ್ಲಿ ಅಂತ ಯಾರು ತೋರಿಸುತ್ತಾರೆ?

ಹಳೆಯ ಡೆಲಿಗೇಟ್

ಸರ್, ಈ ಅನುಮಾನ ನನಗೂ ಇತ್ತು. ಎಲ್ಲ ವಿಷಯವನ್ನೂ ಈ ಚರ್ಚೆಗೆ ತರಬಾರದು ಅಂತ ನನ್ನ ನಿಲುವು. ಒಂದು ಜನಾಂಗದ ನರಮೇಧ ಸರಿ ಅಂತ ವಾದಿಸಲು ಯಾವ ಮಗುವಿಗೂ ಹೇಳಬಾರದು. ಕಲಿಕೆಯ ಹೆಸರಿನಲ್ಲೂ ಬೇಡ. ಇಂಧನ, ನೀರು, ಗಡಿ ವ್ಯಾಪಾರ, ಮೀನುಗಾರಿಕೆ ಇಂಥ ವಿಷಯಗಳಲ್ಲಿ ಎರಡೂ ಕಡೆ ಬದುಕಿನ ಪ್ರಶ್ನೆ ಇರುತ್ತದೆ, ಅಲ್ಲಿ ಈ ಪಾಠ ಚೆನ್ನಾಗಿ ಆಗುತ್ತದೆ. ವಿಷಯ ಆರಿಸುವ ಹೊಣೆ ದೊಡ್ಡವರದು.

ಸಮಾಜ ಟೀಚರ್

ಸಮ್ಮೇಳನ ಮುಗಿಯಿತು. ನಿಮಗೆಲ್ಲ ಹೇಳದೆ ಇರಲು ಮನಸ್ಸಾಗಲಿಲ್ಲ, ಹಾಗಾಗಿ ರಾತ್ರಿಯೇ ಬರೆಯುತ್ತಿದ್ದೇನೆ.

ಮತ ತೆಗೆದೆ. ಪ್ರಶಸ್ತಿ ತೆಗೆದೆ. ಎರಡನೆಯದಕ್ಕೆ ಕೆಲವು ಪೋಷಕರಿಗೆ ಬೇಜಾರಾಯಿತು, ಇರಲಿ. ಮಾತು ಕನ್ನಡದಲ್ಲಿ, ಬೇಕಾದವರಿಗೆ ಇಂಗ್ಲಿಷ್‌ನಲ್ಲಿ. ಕರಡು ಬೋರ್ಡಿನ ಮೇಲೆ.

ಮೊದಲ ದಿನ ಭಾಷಣಗಳು. ಸಾಮಾನ್ಯವಾಗಿಯೇ ಇದ್ದವು. ನಮ್ಮ ಹುಡುಗಿ ಬಂದಳು, ಸೌದಿ ಅರೇಬಿಯಾದ ಫಲಕ ಮುಂದೆ ಇಟ್ಟುಕೊಂಡು ಕೂತಳು. ಅವಳ ಸರದಿ ಬಂದಾಗ ಒಪ್ಪಂದದ ಆ ಪ್ಯಾರಾ ಓದಿದಳು, ದ್ವೀಪಗಳಿಂದ ಶುರುಮಾಡಿ ತೈಲ ದೇಶಗಳವರೆಗೆ, ಪೂರ್ತಿ. ಓದಿ ಮುಗಿಸಿ, "ನಾವಿಬ್ಬರೂ ಒಂದೇ ಪಟ್ಟಿಯಲ್ಲಿದ್ದೇವೆ" ಅಂತ ಮಾಲ್ಡೀವ್ಸ್ ಕಡೆ ತಿರುಗಿ ಹೇಳಿ ಕೂತಳು. ಮಾಲ್ಡೀವ್ಸ್ ಆಗಿದ್ದ ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡುವವನೇ ಅಲ್ಲ. ಅವನು ತನ್ನ ಕಾಗದ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ.

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ತುಂಬ ಆವರಣ. ನಾನು ಎಣಿಸಿದೆ, 17. "ನಿಲ್ಲಿಸತಕ್ಕದ್ದು" ಒಂದು ಆವರಣದಲ್ಲಿ, "ತಗ್ಗಿಸುತ್ತಾ ಹೋಗಬೇಕು" ಇನ್ನೊಂದರಲ್ಲಿ. ಮಕ್ಕಳಿಗೆ ಸುಸ್ತಾಗಿತ್ತು. ಇಬ್ಬರು ಜಗಳ ಆಡಿ ಹೊರಗೆ ಹೋದರು. ಮತ ಹಾಕಿಬಿಡೋಣ ಮಿಸ್ ಅಂತ ನಾಲ್ಕೈದು ಜನ ಬಂದು ಕೇಳಿದರು. ನನಗೂ ಒಂದು ಕ್ಷಣ ಹೂಂ ಅಂದುಬಿಡೋಣ ಅನ್ನಿಸಿತು.

ಆಗ ನೋಡಿದರೆ ಸೌದಿ ಹುಡುಗಿ, ಮಾಲ್ಡೀವ್ಸ್ ಹುಡುಗ ಇಬ್ಬರೂ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಮಧ್ಯೆ ಒಂದು ನೋಟ್‌ಬುಕ್. ನಾನು ಹತ್ತಿರ ಹೋಗಲಿಲ್ಲ, ಆದರೆ ಮಾತು ಕೇಳಿಸುತ್ತಿತ್ತು. ಅವನು ಕೇಳಿದ, "ನಿಮಗೆ ಈ ಕಾಗದದಲ್ಲಿ ಏನಿದ್ದರೆ ಸಾಕು?" ಅವಳು ತುಂಬ ಹೊತ್ತು ಯೋಚಿಸಿ ಹೇಳಿದಳು, "ತೈಲದ ಕೆಲಸದಲ್ಲಿರುವ ಜನಕ್ಕೆ ಮುಂದೆ ಏನು ಅಂತ ಒಂದು ಪ್ಯಾರಾ ಬೇಕು. ಅದಿಲ್ಲದೆ ನಾನು ವಾಪಸ್ ಹೋಗಿ ಮುಖ ತೋರಿಸುವ ಹಾಗಿಲ್ಲ." ಅವನು, "ನನಗೆ ಒಂದು ಇಸವಿ ಬೇಕು. ಇಸವಿ ಇಲ್ಲದಿದ್ದರೆ ನನಗೂ ಹಾಗೇ" ಅಂದ. ಅವನ ಪ್ಯಾರಾವನ್ನು ಅವಳು ಬರೆದಳು, ಅವಳದನ್ನು ಅವನು ಬರೆದ. ಇದು ಅವರಿಗೆ ಯಾರು ಹೇಳಿಕೊಟ್ಟರೋ ನನಗೆ ಗೊತ್ತಿಲ್ಲ, ನಾನಂತೂ ಅಲ್ಲ.

ಒಳಗೆ ಬಂದು ಬೋರ್ಡಿನ ಮೇಲೆ ಎರಡನ್ನೂ ಬರೆದರು. ಅಲ್ಲಿಂದ ಆವರಣಗಳು ಒಂದೊಂದೇ ಅಳಿಯಲು ಶುರುವಾದವು. ಜಗಳ ಆಡಿ ಹೋದವರೂ ವಾಪಸ್ ಬಂದರು. ಸಂಜೆ ಬೆಲ್ ಹೊಡೆದಾಗ ಒಂದೇ ಒಂದು ಆವರಣ ಉಳಿದಿತ್ತು, ಆ ಇಸವಿ. ಏನು ಮಾಡಿದರೂ ಒಪ್ಪಿಗೆ ಆಗಲಿಲ್ಲ. ಹಾಗೇ ಮುಗಿಸಿದೆ.

"ನಾನು" ಅಂತ ಶುರುವಾಗುವ ಒಂದು ಪುಟ ಬರೆಯಲು ಹೇಳಿದ್ದೆ. ಅವಳು ನಾಲ್ಕು ಪುಟ ಬರೆದು ಕೊಟ್ಟಿದ್ದಾಳೆ. ಮೊದಲ ಎರಡು ಪುಟದಲ್ಲಿ ಸೌದಿ ಅರೇಬಿಯಾದ ವಾದವನ್ನು ಪೂರ್ತಿಯಾಗಿ, ಅವರೇ ಓದಿದರೆ ಹೌದು ಅನ್ನುವ ಹಾಗೆ ಬರೆದಿದ್ದಾಳೆ. ಮುಂದಿನ ಎರಡು ಪುಟದಲ್ಲಿ ಅದಕ್ಕೆ ಸಾಲು ಸಾಲಾಗಿ ಉತ್ತರ ಕೊಟ್ಟಿದ್ದಾಳೆ. ಅವಳ ಅಭಿಪ್ರಾಯ ಒಂದು ಚೂರೂ ಬದಲಾಗಿಲ್ಲ.

ಇಬ್ಬರು ಮಕ್ಕಳ ಅಪ್ಪ

ಟೀಚರ್, ಗೆರೆ ಯಾರು ತೋರಿಸುತ್ತಾರೆ ಅಂತ ಕೇಳಿದ್ದೆ. ಆ ಹುಡುಗಿ ತಾನೇ ಎಳೆದುಕೊಂಡಿದ್ದಾಳೆ. ನಿಮ್ಮ ಬರಹವನ್ನು ಮಗನಿಗೆ ಓದಲು ಕೊಟ್ಟೆ. ಓದಿ, ಆ ಉಳಿದ ಆವರಣದಲ್ಲಿ ಯಾವ ಯಾವ ಇಸವಿ ಇತ್ತು ಅಂತ ಕೇಳುತ್ತಿದ್ದಾನೆ.

ಸಮಾಜ ಟೀಚರ್

2040 ಮತ್ತು 2060 ಸರ್. ಬೋರ್ಡ್ ಒರೆಸಬೇಡಿ ಅಂತ ಮಕ್ಕಳು ಕೆಳಗೆ ಬರೆದು ಹೋಗಿದ್ದರು, ನಾನೂ ಒರೆಸಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಯಾರೋ ಮಧ್ಯದಲ್ಲಿ ಸೀಮೆಸುಣ್ಣದಿಂದ 2050 ಅಂತ ಸೇರಿಸಿ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದಾರೆ.